ದಿಲ್ಲಿಯ ಪ್ರನಾಳದಲ್ಲಿ ಎಳನೀರು

ಮೇಣದ ಪುಟ್ಟ ಅಚ್ಚು. ಅದರೊಳಗೆ ಸಾಸಿವೆ ಗಾತ್ರದ ಒಂದು ಅಂಡಾಶಯ ಹುದುಗಿ ಕೂತಿದೆ. ಮೈಕ್ರೋಟೋಮಿನ ಹಿಡಿ ತಿರುಗಿದಂತೆಲ್ಲ ಅಚ್ಚು ಇಳಿದು ಅಲಗಿಗೆ ಮೈಯೊಡ್ಡುತ್ತದೆ. ಸುತ್ತಿಗೊಂದು ಪದರ, ದಪ್ಪ ಹತ್ತು ಮೈಕ್ರಾನ್, ಅಂದರೆ ಮಿಲಿಮೀಟರಿನ ನೂರನೇ ಒಂದು ಪಾಲು. ಪದರಕ್ಕೆ ಪದರ ಅಂಟಿಕೊಂಡು ಬಿಳಿ ರಿಬ್ಬನ್ನಿನಂತೆ ಇಳಿಯುತ್ತದೆ. ಫ್ಯಾನ್ ಹಾಕುವಂತಿಲ್ಲ, ಜೋರಾಗಿ ಉಸಿರು ಬಿಡುವಂತಿಲ್ಲ. ಮೊಟ್ಟೆಯ ಬಿಳಿ ಲೋಳೆ ತೆಳ್ಳಗೆ ಸವರಿದ ಗಾಜಿನ ಮೇಲೆ ಕುಂಚದ ತುದಿಯಿಂದ ಆ ರಿಬ್ಬನ್ ಎತ್ತಿಡಬೇಕು. ಬಿಸಿ ತಾಗಿಸಿ ಹರಡಬೇಕು, ಮೇಣ ಕರಗಿಸಬೇಕು, ಸಫ್ರಾನಿನ್ನಿನ ಕೆಂಪು, ಫಾಸ್ಟ್ ಗ್ರೀನಿನ ಹಸಿರು ಹತ್ತಿಸಬೇಕು. ಇಷ್ಟೆಲ್ಲ ಆದ ಮೇಲೂ ಹುಡುಕುತ್ತಿದ್ದ ಭ್ರೂಣ ಸಿಗದೆ ಹೋಗಬಹುದು. ಆಗ ಇನ್ನೊಂದು ಮೊಗ್ಗು, ಇನ್ನೊಂದು ಅಚ್ಚು.

ಉತ್ತರ ದಿಲ್ಲಿಯ ರಿಡ್ಜ್ ಕಾಡಿನ ಮಗ್ಗುಲಲ್ಲಿರುವ ದಿಲ್ಲಿ ವಿಶ್ವವಿದ್ಯಾಲಯದ ಸಸ್ಯವಿಜ್ಞಾನ ವಿಭಾಗ ಜಗತ್ತಿನ ಕಣ್ಣಿಗೆ ಬಿದ್ದದ್ದು ಈ ತಾಳ್ಮೆಯಿಂದ. 1949ರಲ್ಲಿ ಕುಲಪತಿ ಮಾರಿಸ್ ಗ್ವೈಯರ್ ಅವರ ಕರೆಗೆ ಓಗೊಟ್ಟು ಢಾಕಾದಿಂದ ಪಂಚಾನನ ಮಹೇಶ್ವರಿ ಬಂದರು. ಜೈಪುರದವರು, ಅಲಹಾಬಾದಿನಲ್ಲಿ ವಿನ್‌ಫೀಲ್ಡ್ ಡಜನ್ ಎಂಬ ಅಮೆರಿಕದ ಮೇಷ್ಟರ ಕೈಯಲ್ಲಿ ಪಳಗಿದವರು. ಓದು ಮುಗಿದ ದಿನ ಗುರುದಕ್ಷಿಣೆಯಾಗಿ ಏನು ಕೊಡಲಿ ಎಂದು ಶಿಷ್ಯ ಕೇಳಿದರೆ, ನಾನು ನಿನಗೆ ಮಾಡಿದ್ದನ್ನು ನೀನು ನಿನ್ನ ಶಿಷ್ಯರಿಗೆ ಮಾಡು ಎಂದರಂತೆ ಆ ಮೇಷ್ಟರು. ಮಹೇಶ್ವರಿ ಆ ಮಾತನ್ನು ಸಾಲದಂತೆ ಹೊತ್ತು ತೀರಿಸಿದರು. ಮನೆಯಲ್ಲಿ ಪತ್ನಿಗೂ ಸ್ಲೈಡು ಮಾಡುವುದನ್ನು ಕಲಿಸಿದ್ದರು. 1950ರಲ್ಲಿ ಹೊರಬಂದ ಅವರ ಸಸ್ಯಭ್ರೂಣಶಾಸ್ತ್ರದ ಪುಸ್ತಕ ದೇಶ ದೇಶಗಳ ವಿದ್ಯಾರ್ಥಿಗಳ ಮೇಜಿಗೆ ಹೋಯಿತು. ಮರುವರ್ಷವೇ 'ಫೈಟೋಮಾರ್ಫಾಲಜಿ' ಪತ್ರಿಕೆ ಶುರುವಾಯಿತು. 'ಹಸುರು ಹೊನ್ನು' ಬರೆದ ನಮ್ಮ ಬಿ.ಜಿ.ಎಲ್. ಸ್ವಾಮಿಯವರು ಬೆಂಗಳೂರಿನಲ್ಲಿ ಕೂತು ಆರ್ಕಿಡ್ಡುಗಳ ಭ್ರೂಣ ಹುಡುಕುತ್ತ ಮಾಡಿದ್ದೂ ಇದೇ ಜಾತಿಯ ಕೆಲಸ.

ಕತ್ತರಿಸಿ ನೋಡುವುದೆಂದರೆ ಸತ್ತದ್ದನ್ನು ನೋಡುವುದು. ಭ್ರೂಣವನ್ನು ಜೀವಂತ ಬೆಳೆಸಿ ನೋಡಬಹುದೇ? ವಿಭಾಗ ಮೇಣದಿಂದ ಪ್ರನಾಳದ ಕಡೆಗೆ ಹೊರಳಿದ್ದು ಹೀಗೆ. ಬೀಜದೊಳಗಿನ ಎಳೆ ಭ್ರೂಣ ತನ್ನ ಸುತ್ತಲಿನ ಎಂಡೋಸ್ಪರ್ಮ್ ಉಂಡು ಬೆಳೆಯುತ್ತದೆ. ಅಕ್ಕಿಯಲ್ಲಿ ನಾವು ಉಣ್ಣುವ ಬಿಳಿ ಭಾಗ ಅದೇ. ತೆಂಗಿನಲ್ಲಿ ಅದು ಮೊದಲು ನೀರಾಗಿರುತ್ತದೆ, ಕೋಶದ ಗೋಡೆಗಳಿಲ್ಲದೆ ಬರೀ ಕೋಶಕೇಂದ್ರಗಳು ತೇಲಾಡುವ ನೀರು. ರಸ್ತೆಬದಿಯಲ್ಲಿ ಕೊಚ್ಚಿಸಿ ಕುಡಿಯುತ್ತೇವಲ್ಲ, ಆ ಎಳನೀರು; ಗಂಜಿ ಆಮೇಲೆ ಕಟ್ಟುವುದು. ಆ ನೀರು ತಾಯಿಬೀಜದಿಂದ ಬಿಡಿಸಿದ ಎಳೆ ಭ್ರೂಣಗಳನ್ನು ಬದುಕಿಸಬಲ್ಲದೆಂದು 1941ರಲ್ಲೇ ಅಮೆರಿಕದಲ್ಲಿ ದತ್ತೂರಿಯ ಭ್ರೂಣಗಳ ಮೇಲೆ ತೋರಿಸಿದ್ದರು. ತೆಂಗಿನ ಮರ ಬೆಳೆಯದ ದಿಲ್ಲಿಯ ಪ್ರಯೋಗಶಾಲೆಗೂ ಎಳನೀರು ಬಂತು. ಅಗರ್, ಸಕ್ಕರೆ, ಲವಣಗಳ ಜೊತೆ ಬೆರೆತು ಹತ್ತಿಯ ಬಿರಡೆ ಹಾಕಿದ ಗಾಜಿನ ನಳಿಕೆಗಳನ್ನು ಸೇರಿತು.

1962ರಲ್ಲಿ ಕುಸುಮ್ ಕಾಂತಾ, ಎನ್.ಎಸ್. ರಂಗಸ್ವಾಮಿ ಮತ್ತು ಮಹೇಶ್ವರಿ ಗಸಗಸೆಯ ಅಂಡಕಗಳನ್ನು ಬಿಡಿಸಿ ತೆಗೆದು, ಪರಾಗ ಉದುರಿಸಿ, ನಳಿಕೆಯೊಳಗೇ ಬೀಜ ಕಟ್ಟಿಸಿದರು. ಮನುಷ್ಯರ ಪ್ರನಾಳ ಶಿಶು ಹುಟ್ಟಲು ಇನ್ನೂ ಹದಿನಾರು ವರ್ಷ ಕಾಯಬೇಕಿತ್ತು.

ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಮಾತ್ರ ಇದೇ ವಿಭಾಗದ ಶಿಪ್ರಾ ಗುಹಾ ಅವರ ನಳಿಕೆಗಳ ಮುಂದೆ. ಪರಾಗ ಹುಟ್ಟುವಾಗ ವರ್ಣತಂತುಗಳು ಅರ್ಧಕ್ಕಿಳಿಯುವ ಕೋಶವಿಭಜನೆಯನ್ನು ಅರಿಯಬೇಕೆಂದು ಅವರು ದತ್ತೂರಿಯ ಎಳೆ ಪರಾಗಕೋಶಗಳನ್ನು ಅಗರಿನ ಮೇಲೆ ಕೂರಿಸಿದ್ದರು. ನಮ್ಮ ಹಳ್ಳಿಗಳಲ್ಲಿ ತಿಪ್ಪೆಯ ಅಂಚಿನಲ್ಲಿ ಬೆಳೆಯುವ ಉಮ್ಮತ್ತಿಯದೇ ಬಳಗ. ಮಕ್ಕಳನ್ನು ಹತ್ತಿರ ಬಿಡದ ವಿಷದ ಗಿಡ. ಕೆಲವು ವಾರಗಳಲ್ಲಿ ಪರಾಗಕೋಶಗಳು ಬಿರಿದವು. ಬಿರುಕಿನಿಂದ ಪರಾಗ ಉದುರಬೇಕಿತ್ತು, ಇಣುಕಿದ್ದು ಭ್ರೂಣಗಳು! ಅವಕ್ಕೆ ಬೇರು ಬಂತು, ಎಲೆ ಬಂತು. ಬೀಜವಿಲ್ಲ, ತಾಯಿಯಿಲ್ಲ.

1964ರಲ್ಲಿ ಗುಹಾ ಮತ್ತು ಸತೀಶ್ ಚಂದ್ರ ಮಹೇಶ್ವರಿ ಇದನ್ನು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಸತೀಶ್, ಪಂಚಾನನರ ಮಗ. ಈ ಭ್ರೂಣಗಳು ಪರಾಗಕೋಶದ ಗೋಡೆಯಿಂದ ಹುಟ್ಟಿದವೋ ಪರಾಗದಿಂದಲೋ ಎಂಬುದು ಬಗೆಹರಿಯಲು ಇನ್ನೂ ಎರಡು ವರ್ಷ ಬೇಕಾಯಿತು. ಪರಾಗದ ಒಂದೊಂದು ಕಣವೇ ಒಡೆದೊಡೆದು ಭ್ರೂಣವಾಗುತ್ತಿತ್ತು. ದತ್ತೂರಿಗೆ ಸಾಮಾನ್ಯವಾಗಿ 24 ವರ್ಣತಂತು. ಪರಾಗದಿಂದೆದ್ದ ಈ ಸಸಿಗಳಿಗೆ 12. ಆ 12ನ್ನು ಕಾಲ್ಚಿಸಿನ್ ಎಂಬ ರಾಸಾಯನಿಕ ಹಾಕಿ ಇಮ್ಮಡಿ ಮಾಡಿದರೆ, ಹಲವು ತಲೆಮಾರು ಸ್ವಕೀಯ ಪರಾಗಸ್ಪರ್ಶದಲ್ಲಿ ಕಾಯದೆ ಒಂದೇ ಪೀಳಿಗೆಯಲ್ಲಿ ಶುದ್ಧ ತಳಿ ಸಿಗುತ್ತದೆ. ಭತ್ತ, ಬಾರ್ಲಿ, ತಂಬಾಕುಗಳ ತಳಿವಿಜ್ಞಾನಿಗಳು ಈ ದಾರಿ ಹಿಡಿದರು. ಪರಾಗದ ಮೂಲವನ್ನು ಖಚಿತಪಡಿಸಿದ ಆ ಲೇಖನ ಅಚ್ಚಾದದ್ದು 1966ರ ಅಕ್ಟೋಬರಿನಲ್ಲಿ. ಹಿಂದಿನ ವರ್ಷವಷ್ಟೇ ರಾಯಲ್ ಸೊಸೈಟಿಯ ಫೆಲೋ ಆಗಿದ್ದ ಪಂಚಾನನರು ಮೇ ತಿಂಗಳಲ್ಲೇ ತೀರಿಕೊಂಡಿದ್ದರು.

ಅವರು ಬೆಳೆಸಿದವರಲ್ಲಿ ನಮ್ಮವರೊಬ್ಬರಿದ್ದರು. ವಾಗ್ಗೇಯಕಾರ ಹೊಳೆನರಸೀಪುರದ ಯೋಗಾನರಸಿಂಹಂ ಅವರ ಮಗ, ಎಚ್.ವೈ. ಶಾರದಾಪ್ರಸಾದರ ತಮ್ಮ, ಎಚ್.ವೈ. ಮೋಹನ್ ರಾಮ್. ಮೈಸೂರಿನಲ್ಲಿ ಓದಿ, 1953ರಲ್ಲಿ ಈ ವಿಭಾಗ ಸೇರಿ, ಅಲ್ಲೇ ಬಾಳು ಸವೆಸಿದವರು. ಎಳನೀರಿನಿಂದ ಗಜ್ಜರಿಯ ಕೋಶಗಳನ್ನು ಬೆಳೆಸುತ್ತಿದ್ದ ಕಾರ್ನೆಲ್‌ನ ಸ್ಟೀವರ್ಡ್ ಅವರ ಬಳಿಯೂ ಕೆಲಸ ಮಾಡಿ ಬಂದರು. ಗಾಂಜಾದ ಗಂಡುಗಿಡದಲ್ಲಿ ಹೆಣ್ಣು ಹೂ, ಹೆಣ್ಣುಗಿಡದಲ್ಲಿ ಗಂಡು ಹೂ ಬಿಡಿಸಿ ತೋರಿಸಿದರು. ಆದರೆ ಅವರನ್ನು ದೀರ್ಘಕಾಲ ಹಿಡಿದಿಟ್ಟದ್ದು ಪೊಡೋಸ್ಟೆಮೇಸೀ ಎಂಬ ವಿಚಿತ್ರ ಕುಟುಂಬ. ಪಶ್ಚಿಮ ಘಟ್ಟದ ತೊರೆಗಳಲ್ಲಿ, ನೀರು ಭೋರ್ಗರೆದು ಬಡಿಯುವ ಬಂಡೆಗೆ ಪಾಚಿಯಂತೆ ಕಚ್ಚಿಕೊಂಡು ಬದುಕುವ ಹೂಗಿಡಗಳವು. ಮಳೆಗಾಲದಲ್ಲಿ ನೀರಡಿ ಇದ್ದು, ಹೊಳೆ ಇಳಿದು ಬಂಡೆ ಬಿಸಿಲು ಕಂಡಾಗ ಅವಸರದಲ್ಲಿ ಹೂ ಬಿಟ್ಟು, ಧೂಳಿನಂಥ ಬೀಜ ಉದುರಿಸಿ ಒಣಗಿ ಹೋಗುತ್ತವೆ. ಆ ಬೀಜಗಳನ್ನು ದಿಲ್ಲಿಗೆ ಒಯ್ದು ಅವರೂ ಅವರ ಶಿಷ್ಯರೂ ಬೆಳೆಸಿದರು. ಬಂಡೆಯಿಲ್ಲದೆ, ಹೊಳೆಯಿಲ್ಲದೆ, ಗಾಜಿನ ನಳಿಕೆಯ ನಿಂತ ನೀರಿನಲ್ಲಿ ಅವು ಹಸಿರಾಗಿ ಹರಡಿಕೊಂಡವು.