ಈಜುಡುಗೆಯ ಬೆಲೆ, ಈಜುಗಾರನ ಬಲ

ಹಿಂದೆ ನಮ್ಮ ಊರುಗಳಲ್ಲಿ ಈಜು ಕಲಿಯಲು ಬೇಕಾಗಿದ್ದ ಸಾಧನಗಳು ಎರಡೇ: ಸೊಂಟಕ್ಕೊಂದು ಲಂಗೋಟಿ, ಬೆನ್ನಿಗೊಂದು ಒಣಗಿದ ಸೋರೆಬುರುಡೆ. ಬುರುಡೆಯೊಳಗಿನ ಗಾಳಿ ಕಲಿಯುವವನನ್ನು ತೇಲಿಸುತ್ತಿತ್ತು. ಕೈಕಾಲುಗಳಿಗೆ ಧೈರ್ಯ ಬಂದ ದಿನ ಅದನ್ನು ಬಿಚ್ಚಿ ದಡದಲ್ಲಿಡುತ್ತಿದ್ದರು. ಕೆರೆ ಬಾವಿಗಳನ್ನು ತೊರೆದು ಮಹಾನಗರ ಸೇರಿದ ನಮ್ಮ ಮಕ್ಕಳು ಇಂದು ಕ್ಲೋರಿನ್ ಬೆರೆತ ಕೊಳಗಳಲ್ಲಿ ಈಜುತ್ತಾರೆ. ಮಗು ಸ್ಪರ್ಧೆಗಿಳಿಯುವ ಹಂತಕ್ಕೆ ಬಂದೊಡನೆ ತಂದೆತಾಯಿಗಳ ಮುಂದೆ ಒಂದು ಪ್ರಶ್ನೆ ನಿಲ್ಲುತ್ತದೆ: ಸಾವಿರಾರು ರೂಪಾಯಿ ಬೆಲೆಯ ಸ್ಪರ್ಧಾ ಈಜುಡುಗೆಯನ್ನು ಕೊಳ್ಳಲೇಬೇಕೆ?

ಈ ಉಡುಗೆಗೆ ಅಷ್ಟು ಮಹತ್ವ ಬರಲು ಕಾರಣ ನೀರಿನ ಸ್ವಭಾವವೇ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದುದು. ಈಜುಗಾರನ ಶ್ರಮದ ಬಹುಪಾಲು ನೀರಿನ ತಡೆಯನ್ನು ಗೆಲ್ಲುವುದರಲ್ಲಿಯೇ ವ್ಯಯವಾಗುತ್ತದೆ. ಮೈಯನ್ನು ಬಿಗಿದು ನುಣುಪಾಗಿಸಿ, ನೀರಿನಲ್ಲಿ ತುಸು ಮೇಲೆತ್ತಿ ಹಿಡಿದರೆ ಆ ತಡೆ ಕಡಿಮೆಯಾಗುತ್ತದೆ.

2008ರ ಫೆಬ್ರುವರಿಯಲ್ಲಿ ಸ್ಪೀಡೊ ಸಂಸ್ಥೆಯು ಎಲ್‌ಜೆಡ್‌ಆರ್ ರೇಸರ್ ಎಂಬ ಉಡುಗೆಯನ್ನು ಹೊರತಂದಿತು. ನೈಲಾನ್ ಮತ್ತು ಹಿಗ್ಗುವ ಎಲಾಸ್ಟೇನ್ ನೂಲಿನ ಬಟ್ಟೆಯ ಮೇಲೆ ಪಾಲಿಯುರಿಥೇನಿನ ತೆಳು ಪಟ್ಟಿಗಳು. ಹೊಲಿಗೆಗೆ ಬದಲಾಗಿ ಶ್ರವಣಾತೀತ ತರಂಗಗಳಿಂದ ಬೆಸೆದ ಅಂಚುಗಳು. ಬಟ್ಟೆಗಳ ಪರೀಕ್ಷೆಗೆ ಅಮೆರಿಕದ ನಾಸಾ ಸಂಸ್ಥೆಯ ಗಾಳಿಸುರಂಗವೂ ನೆರವಾಯಿತು. ಬೆಲೆ ಸುಮಾರು 550 ಡಾಲರು. ಅಂದಿನ ವಿನಿಮಯ ದರದಲ್ಲಿ 22 ಸಾವಿರ ರೂಪಾಯಿಗಳಷ್ಟು. ಅದೇ ವರ್ಷದ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಈಜಿನ 25 ವಿಶ್ವದಾಖಲೆಗಳು ನಿರ್ಮಾಣವಾದವು. ಅವುಗಳಲ್ಲಿ 23 ಈ ಉಡುಗೆ ತೊಟ್ಟವರ ಪಾಲಾದವು.

ಅನಂತರ ಇತರ ತಯಾರಕರು ಪೂರ್ತಿಯಾಗಿ ಪಾಲಿಯುರಿಥೇನಿನದೇ ಉಡುಗೆಗಳನ್ನು ತಂದರು. ನೀರನ್ನು ಒಳಬಿಡದ ಆ ಉಡುಗೆ ಗಾಳಿಯನ್ನು ಹಿಡಿದಿಟ್ಟು ಮೈಯನ್ನು ತೇಲಿಸುತ್ತದೆಂಬ ಆಕ್ಷೇಪ ಎದ್ದಿತು. ನಮ್ಮ ಸೋರೆಬುರುಡೆಯೇ ಹೊಸ ವೇಷದಲ್ಲಿ ಬಂದಂತಾಯಿತು! ಬೀಜಿಂಗ್‌ನ 200 ಮೀಟರ್ ಫ್ರೀಸ್ಟೈಲ್‌ನಲ್ಲಿ ಐದನೆಯ ಸ್ಥಾನ ಪಡೆದಿದ್ದ ಜರ್ಮನಿಯ ಪಾಲ್ ಬೀಡರ್ಮನ್, 2009ರ ರೋಮ್ ವಿಶ್ವ ಸ್ಪರ್ಧೆಯಲ್ಲಿ ಇಂಥ ಉಡುಗೆ ತೊಟ್ಟು, ಅದೇ ದೂರವನ್ನು ನಾಲ್ಕು ಸೆಕೆಂಡು ಬೇಗ ಕ್ರಮಿಸಿ, ಮೈಕೆಲ್ ಫೆಲ್ಪ್ಸ್ ಅವರನ್ನು ಸೋಲಿಸಿದರು. ಆ ಒಂದೇ ಕೂಟದಲ್ಲಿ 43 ವಿಶ್ವದಾಖಲೆಗಳಾದವು. ಗೆದ್ದದ್ದು ಈಜುಗಾರನೋ ಉಡುಗೆಯೋ ಎಂಬ ಸಂಶಯ ಎಲ್ಲೆಡೆ ಮೂಡಿತು.

ಅಂತರರಾಷ್ಟ್ರೀಯ ಈಜು ಒಕ್ಕೂಟವು 2010ರ ಜನವರಿ 1ರಿಂದ ನಿಯಮಗಳನ್ನು ಬಿಗಿಗೊಳಿಸಿತು. ನೇಯ್ದ ಅಥವಾ ಹೆಣೆದ ಬಟ್ಟೆಯ ಉಡುಗೆಯೇ ಆಗಬೇಕು. ಪುರುಷರಿಗೆ ಸೊಂಟದಿಂದ ಮೊಣಕಾಲಿನವರೆಗೆ, ಮಹಿಳೆಯರಿಗೆ ಭುಜದಿಂದ ಮೊಣಕಾಲಿನವರೆಗೆ ಮಾತ್ರ. ಬುರುಡೆಯನ್ನು ಬಿಚ್ಚಿಸಿದರೂ ಈಜು ಹಿಂದುಳಿಯಲಿಲ್ಲ. ಬೀಡರ್ಮನ್ ಅವರ 400 ಮೀಟರ್ ದಾಖಲೆಯನ್ನು 2025ರಲ್ಲಿ ಅವರದೇ ದೇಶದ ಲುಕಾಸ್ ಮಾರ್ಟೆನ್ಸ್ ಬಟ್ಟೆಯ ಉಡುಗೆಯಲ್ಲಿಯೇ ಮುರಿದರು.

ಇಂದಿನ ದುಬಾರಿ ಉಡುಗೆಗಳೂ ನೈಲಾನ್ ಮತ್ತು ಎಲಾಸ್ಟೇನಿನವೇ. ಕೆಲವುಗಳಲ್ಲಿ ಕಾರ್ಬನ್ ಎಳೆಗಳೂ ಉಂಟು. ಮೇಲೆ ನೀರನ್ನು ಜಾರಿಸುವ ಲೇಪವಿರುತ್ತದೆ. ಬಳಸಿದಂತೆಲ್ಲ ಲೇಪ ಸವೆದು, ಬಿಗಿ ಸಡಿಲವಾಗುವುದರಿಂದ ಅವುಗಳ ಪೂರ್ಣ ಪ್ರಯೋಜನ ಕೆಲವೇ ಸ್ಪರ್ಧೆಗಳಿಗೆ ಸೀಮಿತ. ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ಪದಕ ನಿರ್ಧಾರವಾಗುವ ಹಂತದಲ್ಲಿ ಆ ವೆಚ್ಚಕ್ಕೆ ಅರ್ಥವಿದೆ. ಬೆಳೆಯುವ ಮಗುವಿಗೆ ಮಾತ್ರ ಅದು ಮುಂದಿನ ವರ್ಷವೇ ಚಿಕ್ಕದಾಗುತ್ತದೆ. ಅಮೆರಿಕದಲ್ಲಿಯೇ ರಾಷ್ಟ್ರೀಯ ಈಜು ಸಂಸ್ಥೆಯು 2020ರ ಸೆಪ್ಟೆಂಬರಿನಿಂದ ತನ್ನ ಸ್ಪರ್ಧೆಗಳಲ್ಲಿ 12 ವರ್ಷ ಹಾಗೂ ಅದಕ್ಕೂ ಕಿರಿಯರಿಗೆ ಇಂಥ ಉಡುಗೆಗಳನ್ನು ನಿಷೇಧಿಸಿದೆ ಎಂಬುದನ್ನು ಪಾಲಕರು ಗಮನಿಸಬೇಕು.

ದಿನನಿತ್ಯದ ಅಭ್ಯಾಸಕ್ಕೆ ಕ್ಲೋರಿನ್ನನ್ನು ತಾಳಿಕೊಳ್ಳುವ ಪಾಲಿಯೆಸ್ಟರ್ ಉಡುಗೆಯೇ ಉತ್ತಮ. ಈಜಿದ ಕೂಡಲೆ ತಣ್ಣೀರಿನಲ್ಲಿ ಜಾಲಿಸಿ, ಹಿಂಡದೆ ನೆರಳಿನಲ್ಲಿ ಒಣಗಿಸಿದರೆ ಹೆಚ್ಚು ಕಾಲ ಬಾಳುತ್ತದೆ. ಉಳಿದ ಹಣ ಒಳ್ಳೆಯ ತರಬೇತಿಗೆ, ಹಾಲು ಹಣ್ಣುಗಳಿಗೆ ಸಲ್ಲಲಿ. ಹೃದಯ, ಶ್ವಾಸಕೋಶ, ಮಾಂಸಖಂಡಗಳಿಗೆ ಈಜು ನೀಡುವ ಬಲವನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಬುರುಡೆಯನ್ನು ಬಿಚ್ಚಿಟ್ಟ ಮೇಲೆ ನೀರಿನಲ್ಲಿ ಉಳಿಯುತ್ತಿದ್ದುದು ಕಲಿತ ಕೈಕಾಲುಗಳಷ್ಟೇ. ಇಂದಿಗೂ ಉಳಿಯುವುದು ಅವೇ.