ಕಣ್ಣಿನ ಪರೀಕ್ಷೆ: ದೃಷ್ಟಿ ಪರೀಕ್ಷಕರ ಪಾತ್ರ ಹಾಗೂ ಸಾರ್ವಜನಿಕರು ಅರಿಯಬೇಕಾದ ಸಂಗತಿಗಳು

ಚಾಲನಾ ಪರವಾನಗಿ, ವಿಕಲಚೇತನರ ಗುರುತಿನ ಚೀಟಿ, ಉಚಿತ ಕನ್ನಡಕ, ಪೊರೆಯ ಶಸ್ತ್ರಚಿಕಿತ್ಸೆ ಮೊದಲಾದ ಸೌಲಭ್ಯಗಳನ್ನು ಕೋರುವ ನಾಗರಿಕರಿಗೆ ಕಣ್ಣಿನ ಪರೀಕ್ಷೆಯ ಅಗತ್ಯ ಒಂದಲ್ಲ ಒಂದು ಹಂತದಲ್ಲಿ ಎದುರಾಗುತ್ತದೆ. ಆದರೆ ಕಣ್ಣನ್ನು ಪರೀಕ್ಷಿಸುವವರೆಲ್ಲರೂ ಒಂದೇ ಬಗೆಯ ಪರಿಣತರಲ್ಲ. ಕನ್ನಡಕದ ಅಂಗಡಿಯಲ್ಲಿ ಬರೆದುಕೊಟ್ಟ ಚೀಟಿಯನ್ನೇ ಪ್ರಮಾಣಪತ್ರವೆಂದು ಭಾವಿಸಿ ಅರ್ಜಿಗೆ ಲಗತ್ತಿಸಿ, ಅನಂತರ ಅಲೆದಾಡುವವರಿದ್ದಾರೆ. ಇದಕ್ಕಿಂತಲೂ ಗಂಭೀರವಾದ ಸಂಗತಿಯೆಂದರೆ, ಕನ್ನಡಕದ ನಂಬರು ಸರಿಯಿದ್ದ ಮಾತ್ರಕ್ಕೆ ಕಣ್ಣು ಆರೋಗ್ಯವಾಗಿದೆಯೆಂದು ನಂಬಿ, ದೃಷ್ಟಿ ಬಹುಪಾಲು ನಷ್ಟವಾದ ಮೇಲೆ ಆಸ್ಪತ್ರೆಗೆ ಬರುವವರೂ ಇದ್ದಾರೆ.

ಪರೀಕ್ಷಿಸುವವರು ಯಾರು?

ಆಪ್ಟೋಮೆಟ್ರಿಸ್ಟ್ ಎಂದು ಕರೆಯಲಾಗುವ ದೃಷ್ಟಿ ಪರೀಕ್ಷಕರು ಪದವಿಪೂರ್ವ ವಿಜ್ಞಾನ ಶಿಕ್ಷಣದ ನಂತರ ಸಾಮಾನ್ಯವಾಗಿ ನಾಲ್ಕು ವರ್ಷಗಳ ಪದವಿಯನ್ನು ಪೂರೈಸಿರುತ್ತಾರೆ. ಇದರಲ್ಲಿ ಕೊನೆಯ ಒಂದು ವರ್ಷ ಆಸ್ಪತ್ರೆಯಲ್ಲಿನ ಪ್ರಾಯೋಗಿಕ ತರಬೇತಿಗೆ ಮೀಸಲಾಗಿರುತ್ತದೆ. ಬೆಳಕಿನ ಶಾಸ್ತ್ರ, ಕಣ್ಣಿನ ರಚನೆ, ಕನ್ನಡಕ ಹಾಗೂ ಕಾಂಟ್ಯಾಕ್ಟ್ ಲೆನ್ಸ್ ನಿರ್ಧರಿಸುವ ಕ್ರಮ, ಕಣ್ಣಿನ ರೋಗಗಳ ಲಕ್ಷಣಗಳು ಇವರ ವ್ಯಾಸಂಗದ ವಿಷಯಗಳಾಗಿವೆ. 2021ರಲ್ಲಿ ಸಂಸತ್ತು ಅಂಗೀಕರಿಸಿದ ಆರೋಗ್ಯ ಸಂಬಂಧಿ ವೃತ್ತಿಗಳ ರಾಷ್ಟ್ರೀಯ ಆಯೋಗದ ಅಧಿನಿಯಮದ ವ್ಯಾಪ್ತಿಗೆ ಈ ವೃತ್ತಿಯೂ ಸೇರಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ದೃಷ್ಟಿ ತಪಾಸಣೆ ಮಾಡುವ ನೇತ್ರಾಧಿಕಾರಿಗಳು ಇದೇ ಕ್ಷೇತ್ರದಲ್ಲಿ ತರಬೇತಿ ಹೊಂದಿದವರಾಗಿದ್ದು, 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಗ್ರಾಮೀಣ ಸೇವೆಗಳು ಬಹುಮಟ್ಟಿಗೆ ಇವರನ್ನೇ ಅವಲಂಬಿಸಿ ಬೆಳೆದಿವೆ.

ನೇತ್ರ ತಜ್ಞರು ವೈದ್ಯಕೀಯ ಪದವಿಯ ಬಳಿಕ ನೇತ್ರ ವಿಜ್ಞಾನದಲ್ಲಿ ಸ್ನಾತಕೋತ್ತರ ಶಿಕ್ಷಣ ಪಡೆದ ವೈದ್ಯರು. ರೋಗಕ್ಕೆ ಚಿಕಿತ್ಸೆ ಹಾಗೂ ಶಸ್ತ್ರಚಿಕಿತ್ಸೆ ಇವರ ಕಾರ್ಯ. ಕನ್ನಡಕ ತಯಾರಿಸಿ ಮಾರುವವರು ಈ ಎರಡು ವರ್ಗಕ್ಕೂ ಸೇರಿದವರಲ್ಲ. ಕೆಲವು ಅಂಗಡಿಗಳಲ್ಲಿ ಅರ್ಹ ದೃಷ್ಟಿ ಪರೀಕ್ಷಕರೂ ಇರುತ್ತಾರೆ, ಇನ್ನು ಕೆಲವೆಡೆ ಯಂತ್ರ ಮಾತ್ರ ಇರುತ್ತದೆ. ಪರೀಕ್ಷಿಸುವವರ ವಿದ್ಯಾರ್ಹತೆಯನ್ನು ಕೇಳಿ ತಿಳಿಯಲು ಸಂಕೋಚಪಡಬೇಕಾಗಿಲ್ಲ.

6/6 ಇದ್ದರೂ ರೋಗವಿರಬಹುದು

ಆರು ಮೀಟರ್ ದೂರದ ಫಲಕದಲ್ಲಿನ ಅಕ್ಷರಗಳನ್ನು ಓದಿಸಿ ದೃಷ್ಟಿಯನ್ನು ಅಳೆಯಲಾಗುತ್ತದೆ. ಅಕ್ಷರ ಬಾರದವರಿಗೆ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದ ಒಂದೇ ಚಿಹ್ನೆಯ ಫಲಕವಿದ್ದು, ಕೈಬೆರಳಿನಿಂದ ದಿಕ್ಕನ್ನು ತೋರಿಸಿದರೆ ಸಾಕು. 6/18 ಎಂದರೆ ಸಾಮಾನ್ಯ ದೃಷ್ಟಿಯುಳ್ಳವರು 18 ಮೀಟರ್ ದೂರದಿಂದ ಗುರುತಿಸುವುದನ್ನು ತಾವು 6 ಮೀಟರ್ ದೂರದಿಂದ ಗುರುತಿಸುತ್ತೀರಿ ಎಂದರ್ಥ.

ಈ ಅಳತೆಯು ದೃಷ್ಟಿಯ ನಡುಭಾಗವನ್ನು ಮಾತ್ರ ತಿಳಿಸುತ್ತದೆ. ಗ್ಲಾಕೋಮಾ ರೋಗದಲ್ಲಿ ಕಣ್ಣಿನ ನರವು ನಿಧಾನವಾಗಿ ಹಾಳಾಗುತ್ತಾ ಹೋಗುವುದು. ಬಹುತೇಕ ಪ್ರಕರಣಗಳಲ್ಲಿ ನೋವಾಗಲಿ ಕೆಂಪಾಗಲಿ ಇರುವುದಿಲ್ಲ. ಮೊದಲು ಪಕ್ಕದ ನೋಟ ಕುಂದುತ್ತದೆ. ರೋಗಿಯು ಹೊಸ್ತಿಲು ಎಡವಿದರೂ ಫಲಕದ ಕೊನೆಯ ಸಾಲನ್ನು ಸರಾಗವಾಗಿ ಓದಬಲ್ಲನು. ಹೀಗೆ ಹೋದ ದೃಷ್ಟಿಯನ್ನು ಯಾವ ಔಷಧಿಯೂ ಶಸ್ತ್ರಚಿಕಿತ್ಸೆಯೂ ಮರಳಿಸಲಾರದು, ಉಳಿದುದನ್ನು ಕಾಪಾಡಲು ಮಾತ್ರ ಸಾಧ್ಯ. ಆದುದರಿಂದ 40 ವರ್ಷ ಮೀರಿದವರು, ವಿಶೇಷವಾಗಿ ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಈ ರೋಗವಿರುವವರು, ಕಣ್ಣಿನ ಒತ್ತಡ ಹಾಗೂ ನರದ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳತಕ್ಕದ್ದು. ಮಧುಮೇಹಿಗಳು ನೋಟ ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ಅಕ್ಷಿಪಟಲವನ್ನು ಪರೀಕ್ಷೆ ಮಾಡಿಸಬೇಕು.

ನಲವತ್ತರ ಸುಮಾರಿಗೆ ಓದಲು ಕನ್ನಡಕ ಬೇಕಾಗುವುದು ಸಹಜ. ನಮ್ಮ ಹಿರಿಯರು ಅದನ್ನು ಚಾಳೀಸು ಎಂದೇ ಕರೆದರು. ಆ ಪದದ ಮೂಲಾರ್ಥವೂ ನಲವತ್ತೇ. ಅರವತ್ತು ದಾಟಿದವರು ಚಾಳೀಸಿಲ್ಲದೆ ಪತ್ರಿಕೆ ಓದಲು ತೊಡಗಿದಾಗ ಮನೆಮಂದಿ ಸಂತೋಷಪಡುವುದುಂಟು. ಇದು ಅನೇಕ ವೇಳೆ ಪೊರೆ ಬೆಳೆಯುತ್ತಿರುವುದರ ಸೂಚನೆಯಾಗಿರುತ್ತದೆ.

ದೃಷ್ಟಿ ಪರೀಕ್ಷಕರು ಇಂತಹ ಲಕ್ಷಣಗಳನ್ನು ಗುರುತಿಸಿ ನೇತ್ರ ತಜ್ಞರಲ್ಲಿಗೆ ಕಳುಹಿಸಿದಾಗ, ಕನ್ನಡಕ ದೊರೆಯಿತೆಂದು ಆ ಚೀಟಿಯನ್ನು ಬದಿಗಿಡಬಾರದು. ಮಕ್ಕಳ ವಿಷಯದಲ್ಲಂತೂ ವಿಳಂಬ ಸಲ್ಲದು. ಒಂದು ಕಣ್ಣು ಮಂದವಾಗಿದ್ದರೆ ಮಗು ಇನ್ನೊಂದರಿಂದಲೇ ನೋಡಲು ರೂಢಿಸಿಕೊಳ್ಳುತ್ತದೆ, ದೂರು ಹೇಳುವುದಿಲ್ಲ. ಏಳೆಂಟು ವರ್ಷದೊಳಗೆ ಪತ್ತೆಯಾದಲ್ಲಿ ಫಲಿತಾಂಶ ಬಹಳ ಉತ್ತಮವಾಗಿರುತ್ತದೆ.

ಕಣ್ಣಿಗೆ ಪೆಟ್ಟಾದಾಗ

ಸುಗ್ಗಿಯಲ್ಲಿ ಭತ್ತದ ಹೊಟ್ಟು, ಕಬ್ಬಿನ ಗರಿ ತಗುಲಿ ಕರಿಗುಡ್ಡೆಯ ಮೇಲೆ ಆಗುವ ಗೀರು ಬೂಷ್ಟಿನ ಸೋಂಕಿಗೆ ತುತ್ತಾಗಿ ಹುಣ್ಣಾಗಬಹುದು. ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸಗಳನ್ನು ಹಾಕಕೂಡದು. ಔಷಧಿ ಅಂಗಡಿಯಿಂದ ಚೀಟಿಯಿಲ್ಲದೆ ತರುವ ಸ್ಟೀರಾಯ್ಡ್ ಹನಿಗಳು ಮೊದಲ ದಿನ ಕೆಂಪನ್ನು ಇಳಿಸಿ ನೆಮ್ಮದಿ ನೀಡಿದರೂ ಹುಣ್ಣನ್ನು ಉಲ್ಬಣಿಸುತ್ತವೆ. ದೀರ್ಘಕಾಲ ಬಳಸಿದಲ್ಲಿ ಗ್ಲಾಕೋಮಾ ಹಾಗೂ ಪೊರೆಗೂ ಕಾರಣವಾಗುತ್ತವೆ. ಸುಣ್ಣ ಅಥವಾ ರಾಸಾಯನಿಕ ಬಿದ್ದಾಗ ತಕ್ಷಣವೇ ಶುದ್ಧ ನೀರಿನಿಂದ ಬಹು ಹೊತ್ತು ತೊಳೆದು, ನಂತರ ಆಸ್ಪತ್ರೆಗೆ ಧಾವಿಸಬೇಕು.

ಅರ್ಜಿದಾರರ ಗಮನಕ್ಕೆ

ಸಾರಿಗೆ ವಾಹನ ಚಾಲನೆಗೆ ಹಾಗೂ 40 ವರ್ಷ ಮೇಲ್ಪಟ್ಟವರ ಚಾಲನಾ ಪರವಾನಗಿಗೆ ಬೇಕಾದ ನಮೂನೆ 1-ಎ ವೈದ್ಯಕೀಯ ಪ್ರಮಾಣಪತ್ರಕ್ಕೆ ನೋಂದಾಯಿತ ವೈದ್ಯರೇ ಸಹಿ ಮಾಡಬೇಕು. ದೃಷ್ಟಿ ಪರೀಕ್ಷಕರ ಚೀಟಿ ಅದಕ್ಕೆ ಬದಲಿಯಾಗುವುದಿಲ್ಲ.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ ಮೇರೆಗೆ ದೃಷ್ಟಿದೋಷವನ್ನು ಸೂಕ್ತ ಕನ್ನಡಕ ಧರಿಸಿದ ಬಳಿಕ, ಹೆಚ್ಚು ಚೆನ್ನಾಗಿರುವ ಕಣ್ಣಿನ ಆಧಾರದ ಮೇಲೆ ನಿರ್ಧರಿಸಲಾಗುತ್ತದೆ. ಹಾಗೆ ಅಳೆದಾಗ 3/60ಕ್ಕಿಂತ ಕಡಿಮೆ ಇದ್ದಲ್ಲಿ ಅದು ಅಂಧತ್ವ. ನೋಟದ ವಿಸ್ತಾರ 10 ಡಿಗ್ರಿಗಿಂತ ಕಿರಿದಾಗಿದ್ದರೂ ಅಂಧತ್ವವೆಂದೇ ಪರಿಗಣಿಸಲಾಗುವುದು. ಕನ್ನಡಕವಿಲ್ಲದೆ ಏನೂ ಕಾಣದಿದ್ದರೂ ಕನ್ನಡಕದಿಂದ ಸರಿಹೋಗುವವರು ಈ ವ್ಯಾಖ್ಯೆಗೆ ಒಳಪಡುವುದಿಲ್ಲ. ಆದ್ದರಿಂದ ಅರ್ಜಿಗೆ ಮುನ್ನವೇ ಕನ್ನಡಕದ ಪರೀಕ್ಷೆಯನ್ನು ಸರಿಯಾಗಿ ಮಾಡಿಸಿಕೊಂಡಲ್ಲಿ ವೃಥಾ ಪ್ರಯಾಣ ತಪ್ಪುವುದು.

ಪರೀಕ್ಷೆಗೆ ಬರುವಾಗ ಹಳೆಯ ಕನ್ನಡಕ ಮತ್ತು ಅದರ ಚೀಟಿ, ಬಳಸುತ್ತಿರುವ ಎಲ್ಲ ಮಾತ್ರೆ ಹಾಗೂ ಕಣ್ಣಿನ ಹನಿಗಳು, ಮಧುಮೇಹ ಮತ್ತು ರಕ್ತದೊತ್ತಡದ ದಾಖಲೆಗಳನ್ನು ತರತಕ್ಕದ್ದು. ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರು ಅದನ್ನು ಮೊದಲೇ ತಿಳಿಸಬೇಕು. ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ಕೆಲವು ಗಂಟೆಗಳ ಕಾಲ ನೋಟ ಮಸುಕಾಗುವುದರಿಂದ ಜೊತೆಗೊಬ್ಬರನ್ನು ಕರೆತರುವುದು ಒಳಿತು. ಅಂದು ವಾಹನ ಚಲಾಯಿಸಿಕೊಂಡು ಬರಬಾರದು.