ವೈದ್ಯಶಾಲೆಯ ಸ್ಮರಣೆ

ಹಿಂದೆ ನಮ್ಮ ಕಡೆಯ ಮನೆಮನೆಯಲ್ಲಿಯೂ ವೃದ್ಧೆಯೊಬ್ಬಳು ಇರುತ್ತಿದ್ದಳು. ಯಾವ ಮಗುವಿಗೆ ಬದನೆಕಾಯಿ ಒಗ್ಗದು, ಯಾವ ಸೊಸೆಗೆ ಯಾವ ಲೇಹ್ಯದಿಂದ ಮೈಯೆಲ್ಲ ದದ್ದೆದ್ದಿತು, ಯಾರಿಗೆ ಯಾವ ವರ್ಷ ವಿಷಮಜ್ವರ ಬಂದಿತ್ತು ಎಂಬೀ ಸಂಗತಿಗಳೆಲ್ಲವೂ ಆಕೆಯ ನಾಲಗೆಯ ತುದಿಯಲ್ಲಿಯೇ ಇರುತ್ತಿದ್ದುವು. ವೈದ್ಯನು ಹೊಸ್ತಿಲು ದಾಟಿದೊಡನೆ, ಅವನು ಕೇಳುವುದಕ್ಕೆ ಮೊದಲೇ, ಆಕೆ ಹೇಳಿಬಿಡುತ್ತಿದ್ದಳು. ಆಕೆ ತೀರಿಕೊಂಡಾಗ ಆಕೆಯೊಡನೆ ಏನೇನು ಹೋಯಿತೆಂಬುದು ಮನೆಯವರಿಗೆ ಮುಂದಿನ ಜ್ವರದ ಕಾಲಕ್ಕೆ ತಿಳಿಯುತ್ತಿತ್ತು.

ಈಗ ಕಾಯಿಲೆಯೆಂದರೆ ಆಸ್ಪತ್ರೆ. ಅಲ್ಲಿ ವೈದ್ಯನೊಬ್ಬನಲ್ಲ, ಇಪ್ಪತ್ತು ಮಂದಿ. ಬೆಳಗ್ಗೆ ನಾಡಿ ನೋಡಿದವರು ಬೇರೆ, ರಾತ್ರಿ ಸೂಜಿಮದ್ದು ಹಾಕುವವರು ಬೇರೆ. ರಕ್ತವನ್ನು ಪರೀಕ್ಷಿಸುವವರು ಬೇರೆ, ಔಷಧವನ್ನು ಕೊಡುವವರು ಬೇರೆ. ಇಷ್ಟು ಮಂದಿಯ ತಿಳಿವಳಿಕೆಯೂ ಒಂದೆಡೆ ಕೂಡಿ, ಬೇಕಾದ ಕ್ಷಣದಲ್ಲಿ ಬೇಕಾದವರ ಕೈಗೆ ದೊರೆಯಬೇಕು. ಆ ವೃದ್ಧೆಯ ಕೆಲಸವನ್ನು ಇಲ್ಲಿ ಯಾರು ಮಾಡುತ್ತಾರೆ? ಕೇಳಿದರೆ, ಮೇಜಿನ ಮೇಲಿನ ಕಂಪ್ಯೂಟರನ್ನು ತೋರಿಸುತ್ತಾರೆ. ಈ ಉತ್ತರವು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶವು.

ನಮ್ಮನ್ನು ಈ ವಿಚಾರಕ್ಕೆ ಹಚ್ಚಿದ ಸಂಗತಿಯೊಂದನ್ನು ಮೊದಲು ಹೇಳುವೆವು. ಕೆಲವು ವರ್ಷಗಳ ಹಿಂದೆ ನಮ್ಮ ಅಕ್ಕನವರಿಗೆ ಕಾಲಿನ ಹುಣ್ಣಿಗಾಗಿ ನಗರದ ದೊಡ್ಡದೊಂದು ಆಸ್ಪತ್ರೆಯಲ್ಲಿ ಪೆನಿಸಿಲಿನ್ ಜಾತಿಯ ಔಷಧವನ್ನು ಕೊಟ್ಟರು. ಮೈಯೆಲ್ಲ ದದ್ದೆದ್ದಿತು. ಶಸ್ತ್ರವೈದ್ಯರು ಒಡನೆಯೇ ಅದನ್ನು ನಿಲ್ಲಿಸಿ, ಇದು ಇವರಿಗೆ ಒಗ್ಗದೆಂದು ನಮ್ಮೆದುರಿನಲ್ಲಿಯೇ ಕಂಪ್ಯೂಟರಿನಲ್ಲಿ ಬರೆಯಿಸಿದರು. ನಾವು ನಿಶ್ಚಿಂತರಾದೆವು. ಮರುವರ್ಷ ಶ್ವಾಸಕೋಶದ ಜ್ವರವೆಂದು ಅದೇ ಆಸ್ಪತ್ರೆಗೆ ರಾತ್ರಿಯ ಹೊತ್ತಿನಲ್ಲಿ ಕರೆದುಕೊಂಡು ಹೋದೆವು. ತುರ್ತು ಚಿಕಿತ್ಸೆಯ ವಿಭಾಗದಲ್ಲಿ ಹೊಸ ಚೀಟಿ, ಹೊಸ ಸಂಖ್ಯೆ. ಅದೇ ಜಾತಿಯ ಔಷಧವು ನರದ ಮೂಲಕ ಒಳಗೆ ಹೋಯಿತು. ಕೆಲವೇ ನಿಮಿಷಗಳಲ್ಲಿ ಅಕ್ಕನವರ ತುಟಿಗಳು ಊದಿಕೊಂಡು, ಉಸಿರು ಕಟ್ಟಿತು. ಹತ್ತಿರದಲ್ಲಿದ್ದ ದಾದಿಯೊಬ್ಬರು ಕೂಗಿಕೊಂಡರು. ವೈದ್ಯರು ಓಡಿಬಂದು ಅಡ್ರಿನಲಿನ್ ಚುಚ್ಚಿದುದರಿಂದ ಪ್ರಾಣವುಳಿಯಿತು. ಬಳಿಕ ಆ ದಾದಿಯು, "ಸಾರ್, ಇವರಿಗೆ ಒಗ್ಗೋದಿಲ್ಲ ಅಂತ ಮೊದಲೇ ಹೇಳಬಾರದಾಗಿತ್ತೇ?" ಎಂದು ಕೇಳಿದರು. "ನಿಮ್ಮಲ್ಲಿಯೇ ಬರೆದಿದೆಯಲ್ಲಮ್ಮ!" ಎಂದೆವು.

ಹೌದು, ಬರೆದಿತ್ತು. ಹಳೆಯ ಸಂಖ್ಯೆಯ ಕೆಳಗೆ, ಶಸ್ತ್ರಚಿಕಿತ್ಸೆಯ ವಿಭಾಗದವರ ಕಡತದಲ್ಲಿ ಭದ್ರವಾಗಿತ್ತು. ಹೊಸ ಸಂಖ್ಯೆಗೆ ಅದರ ಸುಳಿವೇ ಇರಲಿಲ್ಲ. ನಾವಾದರೋ, ಯಂತ್ರಕ್ಕೆ ತಿಳಿದಿದೆಯೆಂದು ನಂಬಿ ಬಾಯಿ ಮುಚ್ಚಿಕೊಂಡಿದ್ದೆವು. ಶಸ್ತ್ರವೈದ್ಯರಿಗೆ ಗೊತ್ತಿತ್ತು, ನಮಗೆ ಗೊತ್ತಿತ್ತು, ಯಂತ್ರದಲ್ಲಿಯೂ ಇತ್ತು; ಸೂಜಿ ಹಿಡಿದ ಕೈಗೆ ಮಾತ್ರ ಗೊತ್ತಿರಲಿಲ್ಲ. ಯಾರನ್ನೂ ದೂರುವುದಕ್ಕಾಗಿ ಇದನ್ನು ಬರೆದುದಲ್ಲ. ತಪ್ಪಿನಲ್ಲಿ ನಮ್ಮ ಪಾಲೂ ಉಂಟು.

ಬರೆದಿಡುವುದು ಬೇರೆ, ಅರಿವು ಬೇರೆ ಎಂಬುದನ್ನು ಪ್ರಾಚೀನ ವೈದ್ಯರು ಬಲ್ಲವರಾಗಿದ್ದರು. ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ "ತದ್ವಿದ್ಯಸಂಭಾಷೆ" ಎಂಬುದೊಂದು ವಿಧಿಯುಂಟು. ಒಂದೇ ವಿದ್ಯೆಯನ್ನು ಬಲ್ಲವರು ಒಟ್ಟಿಗೆ ಕುಳಿತು ಮಾತನಾಡಬೇಕೆಂದೂ, ಅದರಿಂದ ಸಂಶಯಗಳು ನೀಗಿ ಜ್ಞಾನವು ಬೆಳೆಯುವುದೆಂದೂ, ಒಬ್ಬನು ಗುಟ್ಟಾಗಿ ಇಟ್ಟುಕೊಂಡಿದ್ದ ವಿಷಯವೂ ಮಾತಿನ ಭರದಲ್ಲಿ ಹೊರಬರುವುದೆಂದೂ ಅಲ್ಲಿ ಹೇಳಿದೆ. ಇಂದಿನ ಆಸ್ಪತ್ರೆಯಲ್ಲಿ ಒಂದು ಪಾಳಿಯವರು ಮತ್ತೊಂದು ಪಾಳಿಯವರಿಗೆ ರೋಗಿಗಳನ್ನು ಒಪ್ಪಿಸಿಕೊಡುವಾಗ ಆಡುವ ನಾಲ್ಕು ಮಾತುಗಳು ಈ ಸಂಭಾಷೆಯ ಮೊಮ್ಮಕ್ಕಳೇ ಸರಿ. ಇನ್ನು ಬರೆದಿಡದಿದ್ದರೆ, ಅಥವಾ ಬರೆದುದು ಕಳೆದುಹೋದರೆ ಏನಾಗುವುದೆಂಬುದಕ್ಕೂ ಅದೇ ಗ್ರಂಥವು ಸಾಕ್ಷಿ. ಕಾಲಾಂತರದಲ್ಲಿ ಚರಕಸಂಹಿತೆಯ ಚಿಕಿತ್ಸಾಸ್ಥಾನದ 17 ಅಧ್ಯಾಯಗಳೂ, ಕಲ್ಪಸ್ಥಾನ ಸಿದ್ಧಿಸ್ಥಾನಗಳೆರಡೂ ದೊರೆಯದೆ ಹೋಗಿ, ದೃಢಬಲನೆಂಬುವನು ಬೇರೆ ಬೇರೆ ತಂತ್ರಗಳಿಂದ ಆಯ್ದು ಅವನ್ನು ತುಂಬಿಕೊಡಬೇಕಾಯಿತು. ಆದುದರಿಂದ ಲೇಖನವೂ ಬೇಕು, ಸಂಭಾಷೆಯೂ ಬೇಕು.

ಆಧುನಿಕ ಕಾಲದಲ್ಲಿ ಈ ಕೊರತೆಯನ್ನು ಗಟ್ಟಿಯಾಗಿ ಎತ್ತಿ ಹೇಳಿದವರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ದೇವಿಯವರು ಒಬ್ಬರು. ಈಕೆಯನ್ನು ದೀಪ ಹಿಡಿದ ದಾದಿಯೆಂದು ಮಾತ್ರ ನಮ್ಮ ಪಾಠಪುಸ್ತಕಗಳು ಹೇಳುತ್ತವೆ. ಈಕೆ ಅಂಕಿ ಅಂಶಗಳ ಶಾಸ್ತ್ರದಲ್ಲಿಯೂ ನಿಪುಣೆ. ಆಸ್ಪತ್ರೆಗಳನ್ನು ಕುರಿತು 1863ರಲ್ಲಿ ಪರಿಷ್ಕರಿಸಿದ ತಮ್ಮ ಗ್ರಂಥದಲ್ಲಿ, ಒಂದು ಆಸ್ಪತ್ರೆಯನ್ನು ಮತ್ತೊಂದರೊಡನೆ ಹೋಲಿಸಿ ನೋಡಲು ಯೋಗ್ಯವಾದ ದಾಖಲೆಗಳು ಎಲ್ಲಿಯೂ ಸಿಕ್ಕುವುದೇ ಇಲ್ಲವೆಂದು ಈಕೆ ವ್ಯಥೆಪಟ್ಟರು. ಎಲ್ಲ ಆಸ್ಪತ್ರೆಗಳೂ ಒಂದೇ ಬಗೆಯ ನಮೂನೆಯಲ್ಲಿ ಬರೆದಿಡಬೇಕೆಂದರು.

ಮುಂದಿನ ಹೆಜ್ಜೆಯು ಅಮೆರಿಕದ ಮಿನ್ನೆಸೋಟಾ ಸಂಸ್ಥಾನದ ಮೇಯೋ ಕ್ಲಿನಿಕ್ಕಿನದು. ಅಲ್ಲಿಯೂ ಮೊದಲು ಒಬ್ಬೊಬ್ಬ ವೈದ್ಯರಿಗೆ ಒಂದೊಂದು ದಪ್ಪ ಪುಸ್ತಕವಿತ್ತು. ಅವರು ನೋಡಿದ ರೋಗಿಗಳೆಲ್ಲರ ಕಥೆಯೂ ದಿನದಿನದ ಕ್ರಮದಲ್ಲಿ ಅದರಲ್ಲಿರುತ್ತಿತ್ತು. ಒಬ್ಬ ರೋಗಿಯು ನಾಲ್ವರು ವೈದ್ಯರನ್ನು ಕಂಡಿದ್ದರೆ ಅವನ ಕಥೆಯು ನಾಲ್ಕು ಪುಸ್ತಕಗಳಲ್ಲಿ ಹಂಚಿಹೋಗುತ್ತಿತ್ತು. ಹೆನ್ರಿ ಪ್ಲಮ್ಮರ್ ಎಂಬ ವೈದ್ಯರು 1907ರಲ್ಲಿ ಇದನ್ನು ತಲೆಕೆಳಗು ಮಾಡಿದರು. ರೋಗಿಗೆ ಒಂದು ಸಂಖ್ಯೆ. ಆ ಸಂಖ್ಯೆಗೆ ಒಂದು ಕಡತ. ಯಾವ ವೈದ್ಯರು ಏನು ಬರೆದರೂ ಆ ಒಂದೇ ಕಡತದಲ್ಲಿ. ಕಡತವು ರೋಗಿಯ ಹಿಂದೆಯೇ ಕೋಣೆಯಿಂದ ಕೋಣೆಗೆ ಹೋಗುವಂತೆ ಕಟ್ಟಡದಲ್ಲಿಯೇ ಏರ್ಪಾಡು ಮಾಡಿದರು. ಇದರಲ್ಲಿ ಕಂಪ್ಯೂಟರಿನ ಹೆಸರೇ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಕಾಗದ, ದಾರ, ಸಂಖ್ಯೆ, ಸ್ವಲ್ಪ ವಿವೇಕ, ಇಷ್ಟೇ. ನಮ್ಮ ಅಕ್ಕನವರಿಗೆ ಆ ರಾತ್ರಿ ಬೇಕಾಗಿದ್ದುದು 1907ರಲ್ಲಿಯೇ ಕಂಡುಹಿಡಿದಿದ್ದ ಈ ಉಪಾಯವೇ.

ಹಾಗಾದರೆ ಯಂತ್ರದಿಂದ ಪ್ರಯೋಜನವಿಲ್ಲವೇ? ಉಂಟು, ಬಹಳ ಉಂಟು. ಕಾಗದವು ಒಂದು ಕಾಲಕ್ಕೆ ಒಂದೇ ಕಡೆ ಇರಬಲ್ಲುದು; ಯಂತ್ರದ ಬರಹವನ್ನು ಹತ್ತು ಕಡೆಗಳಲ್ಲಿ ಏಕಕಾಲಕ್ಕೆ ಓದಬಹುದು. ವೈದ್ಯರ ಕೈಬರಹವನ್ನು ಊಹಿಸುವ ಕಷ್ಟವು ತಪ್ಪುವುದು. ಒಗ್ಗದ ಔಷಧವನ್ನು ಬರೆಯಹೊರಟಾಗ ಎಚ್ಚರಿಸುವಂತೆಯೂ ಅದನ್ನು ಅಣಿಗೊಳಿಸಬಹುದು. ಆದರೆ ಯಂತ್ರವನ್ನು ತಂದಿಟ್ಟ ಮಾತ್ರಕ್ಕೆ ಇವೆಲ್ಲ ಸಿದ್ಧಿಸುವುವೆಂಬುದು ಭ್ರಾಂತಿ. ಇದಕ್ಕೆ ಅಮೆರಿಕದ ಎರಡು ಊರುಗಳ ಕಥೆಯನ್ನು ಕೇಳಿರಿ.

ಪಿಟ್ಸ್‌ಬರ್ಗ್ ನಗರದ ಮಕ್ಕಳ ಆಸ್ಪತ್ರೆಯೊಂದರಲ್ಲಿ 2002ನೆಯ ಅಕ್ಟೋಬರಿನಲ್ಲಿ, ವೈದ್ಯರು ಔಷಧದ ಆಜ್ಞೆಗಳನ್ನು ಕಂಪ್ಯೂಟರಿನಲ್ಲಿಯೇ ಬರೆಯತಕ್ಕ ಕ್ರಮವು ಬಂದಿತು. ಬೇರೆ ಆಸ್ಪತ್ರೆಗಳಿಂದ ವಿಶೇಷ ಚಿಕಿತ್ಸೆಗಾಗಿ ಅಲ್ಲಿಗೆ ತರುತ್ತಿದ್ದ ಮಕ್ಕಳ ಲೆಕ್ಕವನ್ನು ಅಲ್ಲಿನ ವೈದ್ಯರೇ 2005ರಲ್ಲಿ ಪ್ರಕಟಿಸಿದರು. ಯಂತ್ರಕ್ಕೆ ಮುಂಚಿನ 13 ತಿಂಗಳುಗಳಲ್ಲಿ ಬಂದ 1394 ಮಕ್ಕಳಲ್ಲಿ 39 ಮಕ್ಕಳು ತೀರಿಕೊಂಡಿದ್ದರು. ಯಂತ್ರವು ಬಂದ ಮೇಲಿನ 5 ತಿಂಗಳುಗಳಲ್ಲಿ ಬಂದ 548 ಮಕ್ಕಳಲ್ಲಿ 36 ಮಕ್ಕಳು. ಎಂದರೆ ನೂರಕ್ಕೆ 2.8 ಇದ್ದುದು 6.57 ಆಯಿತು. ಐದು ತಿಂಗಳ ಲೆಕ್ಕದಿಂದ ಯಂತ್ರವೇ ಕೊಂದಿತೆಂದು ಹೇಳುವುದು ತರ್ಕಕ್ಕೆ ಒಪ್ಪುವುದಿಲ್ಲ. ಆದರೂ ಅವರು ಕಂಡ ಕಾರಣಗಳು ಮನನಕ್ಕೆ ಯೋಗ್ಯವಾಗಿವೆ. ಮೊದಲು, ಮಗುವು ದಾರಿಯಲ್ಲಿರುವಾಗಲೇ ಸುದ್ದಿ ಬಂದು, ಔಷಧಗಳನ್ನು ಬರೆದು ಸಿದ್ಧಪಡಿಸಿಡುತ್ತಿದ್ದರು. ಈಗ ಮಗುವು ಬಂದು ಅದರ ಹೆಸರು ದಾಖಲಾಗುವವರೆಗೆ ಯಂತ್ರವು ಆಜ್ಞೆಯನ್ನು ಸ್ವೀಕರಿಸುತ್ತಿರಲಿಲ್ಲ. ಕಾಗದದಲ್ಲಿ ಕ್ಷಣಮಾತ್ರದಲ್ಲಿ ಗೀಚುತ್ತಿದ್ದುದಕ್ಕೆ ಈಗ ಒಂದೆರಡು ನಿಮಿಷಗಳು ಬೇಕಾದುವು. ಹಾಸಿಗೆಯ ಪಕ್ಕದಲ್ಲಿರಬೇಕಾದವರು ಯಂತ್ರದ ಮುಂದೆ ಕುಳಿತರು. ಹತ್ತಿರದ ಕಪಾಟಿನಲ್ಲಿದ್ದ ಔಷಧಗಳು ದೂರದ ಔಷಧಾಲಯಕ್ಕೆ ಹೋದುವು.

ಸಿಯಾಟಲ್ ನಗರದ ಮಕ್ಕಳ ಆಸ್ಪತ್ರೆಯವರೂ ಅದೇ ಕಂಪನಿಯ ಯಂತ್ರವ್ಯವಸ್ಥೆಯನ್ನೇ ತಂದರು. ಅವರ ಲೆಕ್ಕವು 2006ರಲ್ಲಿ ಪ್ರಕಟವಾಯಿತು. ಅಲ್ಲಿ ಮರಣಗಳು ಹೆಚ್ಚಲಿಲ್ಲ. ತೀವ್ರ ಚಿಕಿತ್ಸೆಯಲ್ಲಿ ಪದೇ ಪದೇ ಬೇಕಾಗುವ ಆಜ್ಞೆಗಳ ಗುಚ್ಛಗಳನ್ನು ಅವರು ಮೊದಲೇ ಯಂತ್ರದೊಳಗೆ ಸಿದ್ಧಮಾಡಿಟ್ಟಿದ್ದರು. ಯಂತ್ರವು ಒಂದೇ, ಫಲವು ಎರಡು. ಒಂದು ಕಡೆ ಯಂತ್ರಕ್ಕೆ ತಕ್ಕಂತೆ ಕೆಲಸವು ಬಾಗಿತು. ಮತ್ತೊಂದು ಕಡೆ ಕೆಲಸಕ್ಕೆ ತಕ್ಕಂತೆ ಯಂತ್ರವು ಬಾಗಿತು. ನಾವು ಹೇಳಬೇಕೆಂದಿರುವುದರ ಸಾರವೆಲ್ಲವೂ ಇಷ್ಟರಲ್ಲಿದೆ.

ಒಂದು ಆಸ್ಪತ್ರೆಯಲ್ಲಿ ನಡೆದುದು ಒಂದು ದೇಶದಲ್ಲಿಯೂ ನಡೆಯಬಹುದು. ಇಂಗ್ಲೆಂಡಿನಲ್ಲಿ 2002ರಲ್ಲಿ ಇಡೀ ದೇಶದ ರೋಗಿಗಳ ವೃತ್ತಾಂತಗಳನ್ನು ಕಂಪ್ಯೂಟರಿಗೆ ತರುವ ಮಹಾಯೋಜನೆಯು ಆರಂಭವಾಯಿತು. ವೆಚ್ಚದ ಅಂದಾಜು ಸಾವಿರ ಕೋಟಿ ಪೌಂಡುಗಳನ್ನೂ ಮೀರಿತು. ಹಾಸಿಗೆಯ ಪಕ್ಕದಲ್ಲಿ ದುಡಿಯುವ ವೈದ್ಯರನ್ನೂ ದಾದಿಯರನ್ನೂ ಸಾಕಷ್ಟು ಕೇಳದೆ, ರಾಜಧಾನಿಯಲ್ಲಿ ಕುಳಿತವರು ಎಲ್ಲ ಊರಿಗೂ ಒಂದೇ ಅಂಗಿಯನ್ನು ಹೊಲಿಯಹೊರಟರು. 2011ರಲ್ಲಿ ಸರಕಾರವೇ ಅದನ್ನು ಬಿಚ್ಚಿಹಾಕುವುದಾಗಿ ಸಾರಿತು. ಎಕ್ಸ್‌ರೇ ಚಿತ್ರಗಳನ್ನು ಯಂತ್ರದಲ್ಲಿ ನೋಡುವ ಏರ್ಪಾಡೇ ಮೊದಲಾದ ಕೆಲವು ಭಾಗಗಳು ಮಾತ್ರ ಚೆನ್ನಾಗಿ ನೆಲೆನಿಂತುವು.

ಇನ್ನೊಂದು ಭಯವುಂಟು. ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟರೆ ಕಳ್ಳನಿಗೂ ಒಂದೇ ಬೀಗ. 2017ನೆಯ ಮೇ 12ರಂದು ಕಡತಗಳಿಗೆ ಬೀಗವಿಕ್ಕಿ ಹಣ ಕೇಳುವ "ವಾನಾಕ್ರೈ" ಎಂಬ ದುಷ್ಟ ತಂತ್ರವು ಜಗತ್ತಿನ ಕಂಪ್ಯೂಟರುಗಳಿಗೆ ಹಬ್ಬಿತು. ಇಂಗ್ಲೆಂಡಿನ 236 ಆರೋಗ್ಯ ಟ್ರಸ್ಟುಗಳಲ್ಲಿ 80ಕ್ಕೆ ಕಡಿಮೆಯಿಲ್ಲದಷ್ಟು ಅದರ ಬಾಧೆಗೆ ಸಿಕ್ಕಿದುವು. ಅದನ್ನು ತಡೆಯುವ ತೇಪೆಯನ್ನು ಯಂತ್ರತಂತ್ರದ ಕಂಪನಿಯು ಮಾರ್ಚ್ ತಿಂಗಳಲ್ಲಿಯೇ ಕೊಟ್ಟಿತ್ತು, ಹಾಕಿಕೊಳ್ಳುವವರು ಹಾಕಿಕೊಂಡಿರಲಿಲ್ಲ. ನಮ್ಮ ದೇಶದಲ್ಲಿಯೂ 2022ನೆಯ ನವೆಂಬರ್ 23ರಂದು ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಸರ್ವರುಗಳ ಮೇಲೆ ಇಂಥದೇ ದಾಳಿಯಾಯಿತು. ಸುಮಾರು ಎರಡು ವಾರಗಳ ಕಾಲ ಚೀಟಿ, ಪರೀಕ್ಷೆ, ಬಿಲ್ಲುಗಳೆಲ್ಲವೂ ಕೈಬರಹದಲ್ಲಿಯೇ ನಡೆಯಬೇಕಾಯಿತು. ಬೇರೆಡೆ ಇಟ್ಟಿದ್ದ ಪ್ರತಿಯಿಂದ ದಾಖಲೆಗಳನ್ನು ಮರಳಿ ತಂದರು. ಯಂತ್ರವು ನಿಂತ ದಿನ ಕಾಗದದ ಮೇಲೆ ಕೆಲಸ ನಡೆಸುವುದನ್ನು ಮರೆಯದಿರುವುದೂ ಆಸ್ಪತ್ರೆಗೆ ಬೇಕಾದ ಒಂದು ವಿದ್ಯೆ.

ಭಾರತ ಸರಕಾರವು 2021ನೆಯ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಎಂಬ ಏರ್ಪಾಡನ್ನು ದೇಶಕ್ಕೆಲ್ಲ ವಿಸ್ತರಿಸಿತು. ಇಷ್ಟವಿದ್ದವರಿಗೆ ಆಭಾ ಎಂಬ 14 ಅಂಕಿಗಳ ಸಂಖ್ಯೆ ದೊರೆಯುವುದು. ಬೇರೆ ಬೇರೆ ಆಸ್ಪತ್ರೆಗಳಲ್ಲಿರುವ ತನ್ನ ವೃತ್ತಾಂತವನ್ನು ರೋಗಿಯು ತನ್ನ ಸಮ್ಮತಿಯಿಂದ ಒಂದಕ್ಕೊಂದು ಕೂಡಿಸಿಕೊಳ್ಳಬಹುದು. ಪ್ಲಮ್ಮರ್ ಮಹಾಶಯರು ಒಂದು ಕಟ್ಟಡದೊಳಗೆ ಮಾಡಿದುದನ್ನು ಇಡೀ ದೇಶದಲ್ಲಿ ಮಾಡುವ ಪ್ರಯತ್ನವಿದು, ಸ್ತುತ್ಯವಾದುದೇ. ಆದರೆ ಆಸ್ಪತ್ರೆಯು ಅದರಲ್ಲಿ ಸೇರಿರಬೇಕು, ಬರೆಯುವವನು ಸರಿಯಾಗಿ ಬರೆದಿರಬೇಕು, ಓದಬೇಕಾದವನು ಓದಬೇಕು. ಸಂಖ್ಯೆಯೊಂದೇ ಯಾರನ್ನೂ ಕಾಪಾಡಲಾರದು.

ಹೀಗಿರಲಾಗಿ ಗೃಹಸ್ಥರಾದ ನಾವು ಮಾಡತಕ್ಕುದೇನು? ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಚಿಕ್ಕ ಪುಸ್ತಕವನ್ನು ಇಡಿರಿ. ಮೊದಲ ಪುಟದಲ್ಲಿ ಹೆಸರು, ವಯಸ್ಸು, ರಕ್ತದ ಗುಂಪು. ಅದರ ಕೆಳಗೆ ಕೆಂಪು ಶಾಯಿಯಲ್ಲಿ ಒಗ್ಗದ ಔಷಧಗಳು. ಎರಡನೆಯ ಪುಟದಲ್ಲಿ ಈಗ ಸೇವಿಸುತ್ತಿರುವ ಔಷಧಗಳು. ಕಂಪನಿಯಿಟ್ಟ ಹೆಸರನ್ನು ಮಾತ್ರವಲ್ಲದೆ ಮೂಲದ ಹೆಸರನ್ನೂ, ಪ್ರಮಾಣವನ್ನೂ ಬರೆಯಿರಿ. ಮೂರನೆಯದರಲ್ಲಿ ಹಿಂದಿನ ಕಾಯಿಲೆಗಳು, ಶಸ್ತ್ರಚಿಕಿತ್ಸೆಗಳು, ಅವುಗಳ ವರ್ಷಗಳು. ಈ ಪುಟಗಳ ಚಿತ್ರವನ್ನು ಮೊಬೈಲಿನಲ್ಲಿಯೂ ಇಟ್ಟುಕೊಳ್ಳಿರಿ. ಆಸ್ಪತ್ರೆಗೆ ಹೋದಾಗ ಹಳೆಯ ಸಂಖ್ಯೆಯನ್ನು ಹೇಳಿ, ಅದರಲ್ಲಿಯೇ ಬರೆಯಿರೆಂದು ಕೇಳಿರಿ. ಹೊರಡುವಾಗ ಡಿಸ್ಚಾರ್ಜ್ ಸಾರಾಂಶವನ್ನು ಪಡೆಯದೆ ಹೊರಡಬೇಡಿರಿ. ವೈದ್ಯರ ವೃತ್ತಿಧರ್ಮವನ್ನು ಕುರಿತ 2002ರ ನಿಯಮಗಳ ಪ್ರಕಾರ ಒಳರೋಗಿಗಳ ದಾಖಲೆಗಳನ್ನು ಮೂರು ವರ್ಷಗಳ ಕಾಲ ಇಟ್ಟಿರಬೇಕು. ರೋಗಿಯು ಕೇಳಿದರೆ 72 ಗಂಟೆಗಳೊಳಗಾಗಿ ಕೊಡಬೇಕು. ಇದು ದಾಕ್ಷಿಣ್ಯವಲ್ಲ, ಹಕ್ಕು.

ಎಲ್ಲಕ್ಕಿಂತ ಮಿಗಿಲಾಗಿ, ಬಾಯಿಬಿಟ್ಟು ಹೇಳಿರಿ. ಹೊಸ ವೈದ್ಯರು ಬಂದಾಗ ಹೇಳಿರಿ. ಪಾಳಿ ಬದಲಾದಾಗ ಹೇಳಿರಿ. ಸೂಜಿಯನ್ನು ಕಂಡಾಗಲಂತೂ ಹೇಳಿಯೇ ಹೇಳಿರಿ. ಒಂದೇ ಮಾತನ್ನು ಹತ್ತು ಸಲ ಹೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಶಾಲೆಯಲ್ಲಿ ಮೂವತ್ತು ವರ್ಷ ಅದನ್ನೇ ಮಾಡಿದ ನಾವು ಅದರ ಫಲವನ್ನು ಬಲ್ಲೆವು.

ನಮ್ಮ ಅಕ್ಕನವರು ಈಗ ಕ್ಷೇಮವಾಗಿದ್ದಾರೆ. ಅವರ ಕೈಚೀಲದಲ್ಲಿ ಎಲೆಯಡಕೆಯ ಸಂಚಿಯ ಪಕ್ಕದಲ್ಲಿ ಆ ಚಿಕ್ಕ ಪುಸ್ತಕವಿರುತ್ತದೆ. ಕಣ್ಣು ಪರೀಕ್ಷಿಸುವವರ ಹತ್ತಿರ ಹೋದರೂ, ಅವರು ಕುರ್ಚಿಯನ್ನು ತೋರಿಸುವುದಕ್ಕೆ ಮೊದಲೇ, "ನನಗೆ ಪೆನಿಸಿಲಿನ್ ಆಗೋದಿಲ್ಲಪ್ಪ" ಎಂದುಬಿಡುತ್ತಾರೆ. ಮಕ್ಕಳು ನಗುತ್ತಾರೆ. ನಗಲಿ. ಹೊಸ್ತಿಲಲ್ಲಿ ನಿಂತು ವೈದ್ಯನಿಗೆ ಎಲ್ಲವನ್ನೂ ಒಪ್ಪಿಸುತ್ತಿದ್ದ ಆ ಹಳೆಯ ಮುದುಕಿಯು ನಮ್ಮ ಮನೆಗೆ ಮರಳಿ ಬಂದಂತೆ ನಮಗೆ ತೋರುತ್ತದೆ.